ಹರಿವೆ ಸೊಪ್ಪಿನ ಪುಡಿ

ಪದ್ಮಮ್ಮನವರಿಗೆ ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಬಿಟ್ಟದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರಿಗೆ ಹೇಳಲಿಲ್ಲ. ಅವರ ಬಲಗಾಲು ಹೋಯಿತು.

ಬರೆದು, ಮತ್ತೆ ಓದಿ ನೋಡಿದೆ. ಕೊನೆಯ ವಾಕ್ಯವನ್ನು ‘ನನ್ನಿಂದ ಹೋಯಿತು’ ಎಂದು ಬರೆಯಬೇಕೋ, ‘ಕಾಯಿಲೆಯಿಂದ ಹೋಯಿತು’ ಎಂದೋ — ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕಾಯಿಲೆ ನನಗಿಂತ ಮೊದಲೇ ಅವರ ಮೈಯಲ್ಲಿತ್ತು, ನಿಜ. ಆ ಕಾಲು ಹೇಗಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಆ ಮಾತನ್ನು ಬೇರೆ ಯಾರಾದರೂ ಹೇಳಬಹುದು. ನಾನು ಹೇಳಬಾರದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಬಾಡಿಗೆ ಮನೆಯ ಕೆಳಭಾಗದಲ್ಲಿ ನಮ್ಮ ಪುಟ್ಟ ಸಂಶೋಧನಾ ಕೇಂದ್ರವಿತ್ತು. ನಡೆಸುತ್ತಿದ್ದವರು ಇಂಗ್ಲಿಷ್ ವೈದ್ಯ ಓದಿದ ಡಾಕ್ಟರು. ಅವರ ಅಜ್ಜ ನಾಟಿ ಪಂಡಿತರು. ಅಜ್ಜನ ಗಿಡಮೂಲಿಕೆಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ ಎಂದು ತಿಳಿಯಬೇಕೆಂಬ ಹಟ ಅವರಿಗೆ. ‘ನಂಬಿದ್ರೂ ಪರೀಕ್ಷೆ ಮಾಡ್ಬೇಕು, ನಂಬ್ದಿದ್ರೂ ಪರೀಕ್ಷೆ ಮಾಡ್ಬೇಕು ಕಣಯ್ಯಾ’ ಎಂದು ಆಗಾಗ ಹೇಳುತ್ತಿದ್ದರು. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಕೆಲಸಕ್ಕೆ ಅಲೆದು, ಕೊನೆಗೆ ಅವರ ಸಹಾಯಕನಾಗಿ ಸೇರಿದ್ದೆ. ಅವರನ್ನು ದೇವರಂತೆ ಕಾಣುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೋಸ ಮಾಡಲು ದ್ವೇಷ ಬೇಕಾಗಿಲ್ಲ —

ಆಗ ನಾವು ಪರೀಕ್ಷಿಸುತ್ತಿದ್ದದ್ದು ಮಧುನಾಶಿನಿ ಎಂಬ ಬಳ್ಳಿಯ ಎಲೆಯನ್ನು. ಅದನ್ನು ಅಗಿದವರಿಗೆ ಗೊತ್ತು: ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ಎಂಬುದೇ ತಿಳಿಯುವುದಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಹಾಕಿಕೊಂಡ ಹಾಗೆ. ನಾಲಿಗೆಯ ಸಿಹಿಯನ್ನು ಅಳಿಸುವ ಎಲೆ ರಕ್ತದ ಸಕ್ಕರೆಯನ್ನೂ ತಗ್ಗಿಸುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಸಕ್ಕರೆ ಕಾಯಿಲೆಯವರನ್ನು ಎರಡು ಗುಂಪು ಮಾಡಿದೆವು. ಒಂದು ಗುಂಪಿಗೆ ಮಧುನಾಶಿನಿಯ ಪುಡಿ. ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಏನೂ ಮಾಡದ ಪುಡಿ. ಅದು ಹರಿವೆ ಸೊಪ್ಪು. ನಾವೆಲ್ಲ ಹುಳಿಗೆ ಹಾಕುವ ಹರಿವೆ ಸೊಪ್ಪು. ಕಾಂಪ್ಲೆಕ್ಸಿನ ಮಾರುಕಟ್ಟೆಯಿಂದ ನಾನೇ ತರುತ್ತಿದ್ದೆ, ಮಹಡಿಯ ಮೇಲೆ ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಿದ್ದೆ. ರುಚಿಯಿಂದ ಗುಟ್ಟು ರಟ್ಟಾಗಬಾರದೆಂದು ಎರಡನ್ನೂ ಒಂದೇ ಬಣ್ಣದ ಕ್ಯಾಪ್ಸೂಲುಗಳಲ್ಲಿ ತುಂಬುತ್ತಿದ್ದೆ.

ಯಾರಿಗೆ ಯಾವುದು ಎಂಬುದು ಕಾಯಿಲೆಯವರಿಗೆ ಗೊತ್ತಿರಬಾರದು, ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿರಬಾರದು. ಹಾಗಿದ್ದರೆ ಮಾತ್ರ ಫಲಿತಾಂಶ ಪ್ರಾಮಾಣಿಕ. ಗೊತ್ತಿದ್ದವನು ತುಂಬುತ್ತಿದ್ದ ನಾನೊಬ್ಬ. ತುಂಬುವವನೇ ಹಂಚುವವನೂ ಆಗಬಾರದೆಂದು ಡಾಕ್ಟರಿಗೆ ತಿಳಿದಿತ್ತು. ಆದರೆ ಇನ್ನೊಬ್ಬನನ್ನು ಇಟ್ಟುಕೊಳ್ಳುವ ಅನುಕೂಲ ಕೇಂದ್ರಕ್ಕಿರಲಿಲ್ಲ. ‘ನಿನ್ನ ಬಾಯಿಗೆ ಬೀಗ ಹಾಕಿದೀನಿ ಅಂದ್ಕೋ’ ಎಂದರು. ಬಂದವರಿಗೆಲ್ಲ ಅವರೇ ಕೂರಿಸಿಕೊಂಡು ಹೇಳಿದ್ದರು: ನಿಮಗೆ ಔಷಧಿ ಸಿಕ್ಕಿರಬಹುದು, ಸಿಗದೆಯೂ ಇರಬಹುದು, ಯಾವ ಕಾರಣಕ್ಕೂ ಈಗ ನುಂಗುತ್ತಿರುವ ಮಾತ್ರೆಯನ್ನು ಬಿಡಬೇಡಿ.

ಅವರ ಕಡೆಯಿಂದ ತಪ್ಪಿರಲಿಲ್ಲ. ಇದು ದಾಖಲಾಗಲಿ.

ಪದ್ಮಮ್ಮನವರು ಒಂಬತ್ತನೇ ಬ್ಲಾಕಿನಿಂದ ನಡೆದು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಹಾಕಿಕೊಂಡು ರವಿಕೆ ಹೊಲಿದು ಮಗಳು ವಿಜಯಳನ್ನು ಓದಿಸುತ್ತಿದ್ದವರು. ಐವತ್ತರ ಆಸುಪಾಸು. ನಮ್ಮಲ್ಲಿ ಮೊದಲು ಎಲ್ಲರನ್ನೂ ಹಾಲಿನಲ್ಲಿ ಹಾಸಿದ ಜಮಖಾನದ ಮೇಲೆ ಮಲಗಿಸಿ ಶವಾಸನ ಮಾಡಿಸುವ ಪದ್ಧತಿ. ಮನಸ್ಸು ಶಾಂತವಾದ ಮೇಲೆಯೇ ಪರೀಕ್ಷೆ. ಡಾಕ್ಟರು ‘ಉಸಿರು ಬಿಡಿ’ ಎನ್ನುವಷ್ಟರಲ್ಲಿ ಪದ್ಮಮ್ಮನವರ ಗೊರಕೆ ಕೇಳುತ್ತಿತ್ತು. ಎಬ್ಬಿಸಿದರೆ, ‘ಏನ್ ಡಾಕ್ಟ್ರೇ, ನೀವೇ ಶವ ಆಗಿ ಅಂತೀರಿ, ಆದ್ರೆ ಎಬ್ಬಿಸ್ತೀರಿ. ಮನೇಲಂತೂ ಸಾಯಕ್ಕೂ ಪುರಸೊತ್ತಿಲ್ಲ’ ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನನ್ನನ್ನು ಕಂಡರೆ, ‘ಏನೋ ಗೋಪಾಲ, ಅಂಗಿ ತೋಳು ಉದ್ದ ಆಯ್ತಲ್ಲೋ. ಯಾವ ದರ್ಜಿ ಹೊಲ್ದಿದ್ದು? ಅವನ ಅಳತೆಗೇ ಹೊಲ್ಕೊಂಡಿದಾನೆ’ ಎನ್ನುತ್ತಿದ್ದರು.

ನಮ್ಮ ಏರ್ಪಾಡು ಕೆಟ್ಟದ್ದು ನಾವು ಊಹಿಸದ ದಾರಿಯಲ್ಲಿ. ಕ್ಯಾಪ್ಸೂಲಿನ ಹೊರಕವಚವನ್ನು ದನದ ಮೂಳೆ, ಚರ್ಮದ ಅಂಟಿನಿಂದ ಮಾಡುತ್ತಾರೆಂದು ಯಾರೋ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದರು. ಬರುತ್ತಿದ್ದವರಲ್ಲಿ ಬಹುಮಂದಿ ಮಡಿ ಮನೆಯ ಹೆಂಗಸರು. ಒಬ್ಬರೂ ನಮ್ಮನ್ನು ಕೇಳಲಿಲ್ಲ, ಜಗಳಕ್ಕೆ ಬರಲಿಲ್ಲ. ಡಾಕ್ಟರಿಗೆ ಬೇಜಾರಾಗಬಾರದಲ್ಲ! ಮನೆಗೆ ಹೋಗಿ ಕ್ಯಾಪ್ಸೂಲನ್ನು ತೆರೆದು, ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕಿ, ಕವಚವನ್ನು ಕಸಕ್ಕೆ ಎಸೆಯತೊಡಗಿದರು.

ಪುಡಿ ನಾಲಿಗೆಗೆ ತಾಗಿತು. ಅಷ್ಟು ಸಾಕಾಯಿತು.

ಒಂದು ಶುಕ್ರವಾರ, ಡಾಕ್ಟರು ಬರುವ ಮೊದಲು, ಬೆಂಚಿನ ಮೇಲೆ ಸರೋಜಮ್ಮ ಎಂಬುವರು ದೊಡ್ಡ ಗಂಟಲಲ್ಲಿ ಹೇಳುತ್ತಿದ್ದರು: ‘ಪುಡಿ ನೆಕ್ಕಿ ದೇವಸ್ಥಾನಕ್ಕೆ ಹೋಗಿದ್ದೆ ಕಣ್ರೀ. ಪ್ರಸಾದದ ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಬರೀ ಕಲ್ಲು, ಸಕ್ಕರೆ ಎಲ್ಲೋ ಹೋಗ್ಬಿಟ್ಟಿದೆ!’

‘ನಂಗೂ ಹಾಗೇ ಆಯ್ತು’ ಎಂದರು ಇನ್ನೊಬ್ಬರು. ‘ನಾನು ಬಾಯೇ ಕೆಟ್ಟೋಯ್ತು ಅಂದ್ಕೊಂಡೆ.’

ಪದ್ಮಮ್ಮನವರೂ ಅಲ್ಲೇ ಕೂತು ಕೇಳಿಸಿಕೊಂಡರು. ಮುಂದಿನ ಸಲ ಬಂದಾಗ ನಾನು ಒಳಗೆ ಸೀಸೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ನಿಂತರು. ಅವರ ಮುಖದಲ್ಲಿ ನಗುವಿರಲಿಲ್ಲ.

‘ಗೋಪಾಲ, ನಾನೂ ನೋಡ್ದೆ ಕಣೋ. ಪುಡಿ ನೆಕ್ಕಿ ಒಂದ್ ಚಿಟಿಕೆ ಸಕ್ಕರೆ ಹಾಕ್ಕೊಂಡೆ. ನಂಗೆ ಸಕ್ಕರೆ ಸಕ್ಕರೆ ಥರಾನೇ ಇದೆ. ಸರೋಜಂಗೆ ಕೊಟ್ಟಿರೋದು ಬೇರೆ, ನಂಗೆ ಕೊಟ್ಟಿರೋದು ಬೇರೆನಾ? ಸುಮ್ನೆ ಬೂದಿ ಕೊಟ್ಟು ಕಳಿಸ್ತಿದ್ರೆ ಹೇಳ್ಬಿಡಪ್ಪ. ಇಷ್ಟು ದೂರ ಬಂದು ಹೋಗೋ ಹೊತ್ತಿಗೆ ಎರಡು ರವಿಕೆ ಹೊಲೀಬಹುದು.’

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ‘ನಾನು ಹೇಳುವ ಹಾಗಿಲ್ಲ ಅಮ್ಮ, ಡಾಕ್ಟರನ್ನು ಕೇಳಿ.’ ಆ ಮಾತು ನನ್ನ ಬಾಯಿಯಲ್ಲೇ ಇತ್ತು. ಆದರೆ ಆ ವಾರವೇ ಹರಿವೆ ಗುಂಪಿನ ಇಬ್ಬರು ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದ್ದರು. ಪದ್ಮಮ್ಮನವರೂ ಬಿಟ್ಟರೆ, ಅವರ ಹಿಂದೆ ಉಳಿದವರೂ ಹೋಗುತ್ತಾರೆ. ಕ್ಯಾಪ್ಸೂಲು ತೆರೆದ ವಿಷಯ ಡಾಕ್ಟರಿಗೆ ತಿಳಿಯುತ್ತದೆ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ, ಅಥವಾ ಕೇಂದ್ರವೇ ಮುಚ್ಚುತ್ತದೆ — ಹೀಗೆಲ್ಲ ಯೋಚಿಸಿದೆನೆಂದು ಈಗ ಅನ್ನಿಸುತ್ತದೆ. ಆಗ ಯೋಚಿಸಿದೆನೋ ಇಲ್ಲವೋ. ಬಾಯಿ ಅಷ್ಟು ಬೇಗ ತೆರೆಯಿತು.

‘ನಿಮ್ಮದು ನಿಜವಾದ ಔಷಧಿ ಅಮ್ಮ’ ಎಂದೆ. ‘ಕೆಲವರಿಗೆ ನಾಲಿಗೆ ಮೇಲೆ ಗೊತ್ತಾಗಲ್ಲ. ನೇರವಾಗಿ ರಕ್ತದಲ್ಲೇ ಕೆಲಸ ಮಾಡುತ್ತೆ. ಅಂಥವರಿಗೆ ಇನ್ನೂ ಒಳ್ಳೇದು.’

ಕೊನೆಯ ಆ ವಾಕ್ಯವನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ.

ಅವರ ಮುಖ ಅರಳಿತು. ‘ನೋಡು, ನನ್ನ ನಾಲಿಗೆ ಮೊದಲಿಂದಾನೂ ಮೊಂಡು’ ಎಂದು ನಕ್ಕರು. ‘ಯಾರಿಗೂ ಹೇಳಲ್ಲ ಬಿಡು’ ಎಂದರು. ಅವರು ಮಾತಿಗೆ ತಪ್ಪಲಿಲ್ಲ. ಡಾಕ್ಟರಿಗೆ ಹೇಳಲಿಲ್ಲ, ಸರೋಜಮ್ಮನಿಗೂ ಹೇಳಲಿಲ್ಲ.

ಆಮೇಲಿನ ತಿಂಗಳು ಒಂದು ಸಲ, ಶವಾಸನ ಮುಗಿದು ಜಮಖಾನ ಸುತ್ತುತ್ತಿದ್ದಾಗ, ಅವರು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: ‘ಮಾತ್ರೆ ನಿಲ್ಲಿಸ್ಬಿಟ್ಟೆ ಕಣೋ. ನಿಜವಾದ ಔಷಧಿ ಕೈಲಿರುವಾಗ ಅದ್ಯಾಕೆ? ತಿಂದ್ರೆ ತಲೆ ಸುತ್ತುತ್ತೆ, ಮಿಷನ್ ತುಳಿಯಕ್ಕಾಗಲ್ಲ. ಡಾಕ್ಟ್ರಿಗೆ ಹೇಳ್ಬೇಡ, ಬೈತಾರೆ.’

‘ಹಾಗೆ ಮಾಡ್ಬೇಡಿ ಅಮ್ಮ’ ಎಂದೆ.

ಇದನ್ನು ಎಷ್ಟೋ ವರ್ಷ ನನ್ನ ಪರವಾದ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ. ‘ಹಾಗೆ ಮಾಡಬೇಡಿ ಎಂದಿದ್ದೆನಲ್ಲ!’ ಹೌದು, ಎಂದಿದ್ದೆ. ಜಮಖಾನ ಸುತ್ತುತ್ತಲೇ, ತಲೆ ಎತ್ತದೆ, ಮಕ್ಕಳಿಗೆ ಬಿಸಿಲಲ್ಲಿ ಆಡಬೇಡಿ ಎನ್ನುವ ದನಿಯಲ್ಲಿ. ಅವರು ‘ಹೋಗೋ’ ಎಂದು ನಕ್ಕು ಹೋದರು. ‘ನಿಮ್ಮದು ಔಷಧಿಯಲ್ಲ, ಬರೀ ಸೊಪ್ಪು’ ಎಂದು ಹಿಂದೆಯೇ ಓಡಿ ಹೇಳಲಿಲ್ಲ. ಡಾಕ್ಟರಿಗೆ ಹೇಳಬೇಡ ಎಂದು ಅವರೇ ಕೇಳಿಕೊಂಡದ್ದು — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ನನಗೆ ಸಮಾಧಾನವನ್ನೇ ಕೊಟ್ಟಿತು.

ಆ ಕಾಲದಲ್ಲಿ ಬಂದವರ ಮೂತ್ರವನ್ನು ಪ್ರನಾಳದಲ್ಲಿ ನೀಲಿ ದ್ರಾವಣದ ಜೊತೆ ಸ್ಪಿರಿಟ್ ದೀಪದ ಮೇಲೆ ಕಾಯಿಸಿ ನೋಡುತ್ತಿದ್ದೆವು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ; ತೀರಾ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪು. ರಕ್ತಪರೀಕ್ಷೆ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. ನಡುವೆ ಈ ಬಣ್ಣವೇ ನಮ್ಮ ಕಣ್ಣು. ಯಾರದಾದರೂ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅದೇ ದಿನ ಹೇಳಬೇಕು, ಅವರನ್ನು ಪ್ರಯೋಗದಿಂದ ಬಿಡಿಸಿ ಚಿಕಿತ್ಸೆ ಬದಲಿಸಬೇಕು ಎಂಬುದು ಡಾಕ್ಟರ ಕಟ್ಟಪ್ಪಣೆ. ಕಾಯಿಸುವವನು ನಾನು. ಒಳಗಿನಿಂದ ಬಣ್ಣ ಕೂಗಿ ಹೇಳಿದರೆ ಅವರು ಹೊರಗಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು.

ಪದ್ಮಮ್ಮನವರ ಪ್ರನಾಳ ಮೊದಲು ಹಸಿರಿರುತ್ತಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಒಂದು ದಿನ ನನ್ನ ಕಣ್ಣೆದುರಿಗೇ ಅದು ಹಸಿರು ದಾಟಿತು, ಹಳದಿ ದಾಟಿತು. ಹೊಸ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು.

‘ಪದ್ಮಮ್ಮಂದು ಏನಯ್ಯಾ?’ ಎಂದು ಹೊರಗಿನಿಂದ ಕೇಳಿದರು.

ನಿಜ ಹೇಳಿದರೆ ಅವರು ಪದ್ಮಮ್ಮನವರನ್ನು ಕರೆದು ಕೇಳುತ್ತಾರೆ. ಮಾತ್ರೆ ಯಾಕೆ ಬಿಟ್ಟಿರಿ ಎನ್ನುತ್ತಾರೆ. ‘ನನ್ನದು ನಿಜವಾದ ಔಷಧಿ ಅಂತ ಗೋಪಾಲ ಹೇಳಿದ’ ಅನ್ನುತ್ತಾರೆ ಆಕೆ. ನನ್ನ ಬಾಯಿಗೆ ಹಾಕಿದ್ದ ಬೀಗ —

‘ಹಳದಿ ಸಾರ್’ ಎಂದೆ.

ಮೊದಲ ಸುಳ್ಳನ್ನು ಆತುರದ್ದು ಎನ್ನಬಹುದೇನೋ. ಎರಡನೆಯದು ಹಾಗಲ್ಲ. ಪ್ರನಾಳ ಕೈಯಲ್ಲಿ ಬಿಸಿಯಾಗಿತ್ತು, ಬಣ್ಣ ಕಣ್ಣೆದುರಿಗಿತ್ತು. ಮುಂದಿನ ಸಲವೂ ಅದೇ ಬಣ್ಣ, ಅದೇ ಉತ್ತರ. ಪ್ರನಾಳದಲ್ಲಿದ್ದುದನ್ನು ಮೋರಿಗೆ ಸುರಿದು ನೀರು ಬಿಟ್ಟೆ.

ಆಮೇಲೆ ಪದ್ಮಮ್ಮನವರು ಬರಲಿಲ್ಲ. ಹೊಲಿಯುವಾಗ ಸೂಜಿ ಮುರಿದಿತ್ತಂತೆ. ತುಂಡು ಎಲ್ಲಿ ಬಿತ್ತೆಂದು ಹುಡುಕಿ ಸಿಗದೆ ಸುಮ್ಮನಾಗಿದ್ದರಂತೆ. ಅದು ಅವರ ಅಂಗಾಲಿನಲ್ಲೇ ಇತ್ತು. ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಚುಚ್ಚಿದ್ದು ತಿಳಿದಿರಲಿಲ್ಲ. ಆ ಕಾಲಲ್ಲೇ ಮಿಷನ್ ತುಳಿಯುತ್ತಿದ್ದರು. ಪಾದ ಬಾತು, ವಾಸನೆ ಬಂದ ಮೇಲೆ ವಿಜಯ ದೊಡ್ಡ ಆಸ್ಪತ್ರೆಗೆ ಸೇರಿಸಿದಳು. ಪ್ರಾಣ ಉಳಿಯಬೇಕಾದರೆ ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು. ತೆಗೆದರು.

ಸುದ್ದಿ ನಮ್ಮ ಡಾಕ್ಟರಿಗೆ ತಲುಪಿತು. ‘ಹಳದಿ ಇತ್ತಲ್ಲಯ್ಯಾ, ಇಷ್ಟು ಬೇಗ ಹೇಗಾಯ್ತು?’ ಎಂದು ಮತ್ತೆ ಮತ್ತೆ ನನ್ನನ್ನೇ ಕೇಳಿದರು. ‘ಗೊತ್ತಾಗ್ತಿಲ್ಲ ಸಾರ್’ ಎಂದೆ. ಪ್ರಯೋಗ ಮುಗಿದು ಯಾರು ಯಾವ ಗುಂಪಿನವರೆಂದು ಬಿಚ್ಚಿ ನೋಡಿದಾಗ, ‘ಛೆ, ಆಕೆಗೆ ಬರೀ ಸೊಪ್ಪು ಸಿಕ್ಕಿತ್ತು’ ಎಂದು ಮರುಗಿದರು. ಕಾಲು ಕಳೆದುಕೊಂಡವರಿಗೆ ಈಗ ಅದನ್ನು ಹೇಳಿ ಯಾಕೆ ನೋಯಿಸುವುದು ಎಂದು ಅವರೂ ಸುಮ್ಮನಾದರು.

ಇಲ್ಲಿ ಇನ್ನೊಂದನ್ನು ಬರೆಯಲೇಬೇಕು. ಡಾಕ್ಟರು ನಾಲ್ಕು ಜನ ವೈದ್ಯರ ಮುಂದೆ ಫಲಿತಾಂಶ ಓದಿದಾಗ ಮಧುನಾಶಿನಿ ಒಳ್ಳೆಯ ಔಷಧಿಯಂತೆ ಕಂಡಿತು. ಎಲೆ ತೆಗೆದುಕೊಂಡವರು ಚೆನ್ನಾಗಿದ್ದರು. ತೆಗೆದುಕೊಳ್ಳದವರಲ್ಲಿ ಒಬ್ಬರು ಕಾಲನ್ನೇ ಕಳೆದುಕೊಂಡಿದ್ದರು. ಪದ್ಮಮ್ಮನವರು ಮಾತ್ರೆ ಬಿಟ್ಟಿದ್ದರೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬ. ಹಿಂದಿನ ಸಾಲಿನಲ್ಲಿ ಕೂತು ಉಳಿದವರ ಜೊತೆ ಚಪ್ಪಾಳೆ ತಟ್ಟಿದೆ. ಅವರ ಕಾಲು ನಮ್ಮ ಎಲೆಗೆ ಸಾಕ್ಷಿಯಾಯಿತು. ಆ ಎಲೆ ನಿಜಕ್ಕೂ ಗುಣ ಮಾಡುತ್ತದೆಯೋ ಇಲ್ಲವೋ, ಆ ಪ್ರಯೋಗದಿಂದ ಯಾರಿಗೂ ತಿಳಿಯಲಾರದು. ತಿಳಿಯುವ ದಾರಿಯನ್ನು ಕೆಡಿಸಿದವನು ನಾನು. ಡಾಕ್ಟರು ತೀರಿಕೊಳ್ಳುವವರೆಗೂ ಆ ಫಲಿತಾಂಶವನ್ನು ತಮ್ಮ ಅಜ್ಜನಿಗೆ ಸಲ್ಲಿಸಿದ ಕಾಣಿಕೆ ಎಂದುಕೊಂಡಿದ್ದರು.

ಪದ್ಮಮ್ಮನವರು ಆಸ್ಪತ್ರೆಯಿಂದ ಬಂದ ಮೇಲೆ ಅವರನ್ನು ನೋಡಲು ಹೋದೆ. ಹೇಳಿಬಿಡಬೇಕೆಂದೇ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ; ಆದರೆ ಹಾಗೆ ಹೋಗಿರಲಿಲ್ಲ. ಅವರು ಏನನ್ನು ಯಾರಿಗೆ ಹೇಳಿದ್ದಾರೆಂದು ತಿಳಿಯಲು ಹೋಗಿದ್ದೆ. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಅವರು ಮಂಚದ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು.

‘ನಿನ್ನ ಪುಡಿ ಇಲ್ದಿದ್ರೆ ಹೋಗೇ ಹೋಗ್ತಿದ್ದೆ ಕಣೋ’ ಎಂದರು. ‘ತಲೆಗೆ ಬಂದಿದ್ದು ಕಾಲಲ್ಲಿ ಹೋಯ್ತು. ಅಷ್ಟಾದ್ರೂ ಒಳಗೆ ಔಷಧಿ ಇತ್ತಲ್ಲ, ಅದಕ್ಕೇ ಪ್ರಾಣ ಉಳೀತು. ವಿಜಯಂಗೂ ಹೇಳಿದೀನಿ. ನೀನು ಮಾತ್ರ ನಂಗೆ ಮೋಸ ಮಾಡ್ಲಿಲ್ಲ.’

ಆಗ ಹೇಳಬಹುದಾಗಿತ್ತು. ವಿಜಯ ಕಾಫಿ ತಂದಿಟ್ಟಳು. ಕುಡಿದೆ.

ಕೃತಕ ಕಾಲು ಬಂತು. ಮಿಷನ್ನಿಗೆ ಮೋಟಾರು ಹಾಕಿಸಿಕೊಂಡರು. ‘ಇದು ಓಡೋದು ನೋಡಿದ್ರೆ ನಂಗಿಂತ ಇದಕ್ಕೇ ಆತುರ’ ಎನ್ನುತ್ತಿದ್ದರು. ಹೊಲಿಗೆ ಮೊದಲಿನಂತೆ ಆಗಲಿಲ್ಲ, ಗಿರಾಕಿಗಳು ಕಡಿಮೆಯಾದರು. ಆದರೆ ಪ್ರತಿ ಯುಗಾದಿಗೆ ನನಗೊಂದು ಅಂಗಿ ಹೊಲಿದು ಕಳಿಸುತ್ತಿದ್ದರು, ತೋಳಿನ ಅಳತೆ ಸರಿಯಾಗಿರುತ್ತಿತ್ತು. ತೊಟ್ಟುಕೊಳ್ಳಲಾರದೆ ಬೀರುವಿನಲ್ಲಿ ಮಡಿಸಿಡುತ್ತಿದ್ದೆ. ನೆಂಟರಿಗೆ, ಬೀದಿಯವರಿಗೆ, ಕಂಡಕಂಡ ಸಕ್ಕರೆ ಕಾಯಿಲೆಯವರಿಗೆಲ್ಲ ನಮ್ಮ ಪುಡಿಯ ಕಥೆ ಹೇಳುತ್ತಿದ್ದರು. ಎಂಬತ್ತರ ದಶಕದ ನಡುವೆ, ಮಲಗಿದ್ದಲ್ಲೇ ತೀರಿಕೊಂಡರು. ಶವದ ಮುಂದೆ ನಿಂತಾಗ ಆ ಜಮಖಾನದ ಗೊರಕೆ ನೆನಪಾಯಿತು. ಹೆಗಲು ಕೊಟ್ಟೆ. ಅದಕ್ಕೂ ಮುಖವಿತ್ತು ನನಗೆ.

ಇದನ್ನೆಲ್ಲ ಹಾಗೇ ಒಳಗಿಟ್ಟುಕೊಂಡು ಹೋಗಿಬಿಡುತ್ತಿದ್ದೆನೇನೋ. ಹೋದ ತಿಂಗಳು ವಿಜಯ ಫೋನು ಮಾಡಿದಳು. ಈಗ ಬನಶಂಕರಿಯಲ್ಲಿದ್ದಾಳೆ, ಅಂದಿನ ತಾಯಿಗಿಂತ ದೊಡ್ಡ ವಯಸ್ಸು.

‘ಗೋಪಾಲಣ್ಣ, ನಂಗೂ ಶುಗರ್ರು ಜಾಸ್ತಿ ಆಗಿದೆ. ಅಮ್ಮಂಗೆ ಕೊಡ್ತಿದ್ರಲ್ಲ ಪುಡಿ, ಅದನ್ನ ಮಾಡಿಕೊಡ್ತೀರಾ? ಅಂಗಡೀದು ನಂಗೆ ನಂಬಿಕೆ ಇಲ್ಲ. ನಿಮ್ಮದು ಶುರು ಮಾಡಿ, ಈ ಮಾತ್ರೆ ಎಲ್ಲ ಬಿಟ್ಬಿಡೋಣ ಅಂತಿದೀನಿ.’

ನನ್ನ ಸುಳ್ಳು ಸತ್ತಿರಲಿಲ್ಲ. ಇನ್ನೊಂದು ಕಾಲಿನ ಹತ್ತಿರ ಬಂದು ನಿಂತಿತ್ತು.

ಮರುದಿನ ಬೆಳಿಗ್ಗೆಯೇ ಬನಶಂಕರಿಗೆ ಹೋದೆ. ಕೂತ್ಕೊಳ್ಳಿ ಎಂದರೂ ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ, ನನ್ನ ಉತ್ತರ, ನಿಲ್ಲಿಸಿದ ಮಾತ್ರೆ, ಇಟ್ಟಿಗೆ ಬಣ್ಣ. ನಾನು ಮುಗಿಸಿದ ಮೇಲೆ ಕೇಳಿದಳು:

‘ಹಾಗಾದ್ರೆ ಅಮ್ಮಂಗೆ ಕೊಟ್ಟಿದ್ದೇನು?’

‘ಹರಿವೆ ಸೊಪ್ಪು.’

‘ಅದನ್ನ ಮನೇಲೇ ಮಾಡ್ತಿದ್ವಲ್ಲ’ ಎಂದಳು, ಯಾರಿಗೋ ಹೇಳುವ ಹಾಗೆ.

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

‘ಅದೆಲ್ಲ ಬೇಡ. ಇದನ್ನ ಬರೆದುಕೊಡಿ. ಚಿಕ್ಕಮ್ಮನ ಮಕ್ಕಳು ಇಬ್ಬರು ನಮ್ಮಮ್ಮನ ಮಾತು ಕೇಳ್ಕೊಂಡು ಈಗ್ಲೂ ಮಾತ್ರೆ ಮುಟ್ಟಲ್ಲ. ನಾನು ಹೇಳಿದ್ರೆ ನಂಬಲ್ಲ. ಕಾಲು ಹೋದೋಳೇ ಹೇಳಿದಾಳೆ, ನೀನ್ಯಾರು ಅಂತಾರೆ. ನಿಮ್ಮ ಹೆಸರು ಹಾಕಿ, ನೀವೇ ಬರೆದುಕೊಡಿ. ಬರೆದ ಮೇಲೆ ಇಲ್ಲಿಗೆ ಬರಬೇಡಿ, ಪೋಸ್ಟಲ್ಲಿ ಹಾಕಿ.’

ಅವಳು ಮಾತ್ರೆ ನುಂಗುತ್ತಿದ್ದಾಳೋ ಎಂದು ಕೇಳುವ ಆಸೆಯಾಯಿತು. ಕೇಳದೆ ಮೆಟ್ಟಿಲಿಳಿದೆ.

ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಪದ್ಮಮ್ಮನವರ ಬಂಧುಗಳಿದ್ದರೆ, ಅವರ ಬಾಯಿಂದ ಆ ಪುಡಿಯ ಕಥೆ ಕೇಳಿದ ಯಾರೇ ಇದ್ದರೆ, ಅವರಿಗೆ ಹೇಳುತ್ತಿದ್ದೇನೆ. ಆಕೆ ನಿಮಗೆ ಸುಳ್ಳು ಹೇಳಲಿಲ್ಲ. ತಾವು ನಂಬಿದ್ದನ್ನು ಹೇಳಿದರು. ಅವರ ಪ್ರಾಣ ಉಳಿಸಿದ್ದು ಆಸ್ಪತ್ರೆ, ಪುಡಿಯಲ್ಲ. ‘ನಿಮ್ಮದು ನಿಜವಾದ ಔಷಧಿ’ ಎಂದವನು ನಾನು, ಗೋಪಾಲ. ಅದು ಹರಿವೆ ಸೊಪ್ಪಾಗಿತ್ತು. ಒಣಗಿಸಿದವನೂ, ಪುಡಿ ಮಾಡಿದವನೂ, ತುಂಬಿದವನೂ ನಾನೇ. ದಯವಿಟ್ಟು ನಿಮ್ಮ ಮಾತ್ರೆಯನ್ನು ಬಿಡಬೇಡಿ.